ಜಿರಾಫೆಯ ಎದುರು ವಧುಪರೀಕ್ಷೆ

ನಮ್ಮ ಕಡೆ ಹುಡುಗಿ ನೋಡಲು ಮನೆಗೇ ಬರುವುದು ಈಗ ಕಡಿಮೆ. ದೇವಸ್ಥಾನವೋ ಬಸದಿಯೋ ಒಂದು ಜಾಗ ಗೊತ್ತುಮಾಡುತ್ತಾರೆ. ಎರಡೂ ಕಡೆಯವರು ಅಲ್ಲಿಗೆ ಅಕಸ್ಮಾತ್ತಾಗಿ ಬಂದವರಂತೆ ಬಂದು, "ಹೋ, ನೀವೂ ಬಂದದ್ದಾ?" ಎಂದು ಆಶ್ಚರ್ಯಪಡುತ್ತಾರೆ. ಒಪ್ಪಿಗೆಯಾಗದಿದ್ದರೆ ಯಾರೂ ಯಾರನ್ನೂ ನೋಡಿಯೇ ಇಲ್ಲ. ನನ್ನನ್ನು ಹೀಗೆ ಅಕಸ್ಮಾತ್ತಾಗಿ ನೋಡಿದವರು ಬಹಳ ಮಂದಿ. ಎಲ್ಲರೂ ಕಾಲಿನಿಂದ ಶುರುಮಾಡಿ ತಲೆ ಮುಟ್ಟುವಷ್ಟರಲ್ಲಿ ಸುಸ್ತಾದರು.

ನಾನು ಉದ್ದ. ಪುಂಜಾಲಕಟ್ಟೆಯ ನಮ್ಮ ಮನೆಯಿಂದ ಮೂಡುಬಿದಿರೆಯ ಕಾಲೇಜಿಗೆ ಪ್ರಾಣಿಶಾಸ್ತ್ರ ಪಾಠ ಮಾಡಲು ಹೋಗುವಾಗ ಬಸ್ಸಿನ ಬಾಗಿಲಿಗೆ ದಿನವೂ ತಲೆತಗ್ಗಿಸುತ್ತೇನೆ. ಬಾಗಿಲಿಗಾದರೆ ಬೇಸರವಿಲ್ಲ. ಗಲ್ಫ್‌ನಿಂದ ರಜೆಯಲ್ಲಿ ಬಂದ ಹುಡುಗನೊಬ್ಬನ ಸಂಬಂಧ ಕುದುರುವಂತೆ ಕಂಡಾಗ ಅಮ್ಮನೂ ತಲೆತಗ್ಗಿಸು ಎಂದೇ ಕೇಳಿದಳು. ಇದೂ ಎತ್ತರದ ನೆಪದಲ್ಲಿ ಮುರಿದರೆ ತನ್ನಿಂದ ತಡೆಯಲಿಕ್ಕಾಗದು ಎಂದು ಅತ್ತಳು. ಅವಳ ಕಣ್ಣೀರು ನೋಡಿ ನಾನು ಒಪ್ಪಿಕೊಂಡೆ, ಒಳಗೊಳಗೇ ಉರಿಯುತ್ತಾ.

ಜಾಗ ಸಾವಿರ ಕಂಬದ ಬಸದಿ. ಅದನ್ನು ಆರಿಸಿದವಳು ಅಮ್ಮ, ಭಕ್ತಿಗಲ್ಲ, ಮೆಟ್ಟಿಲುಗಳಿಗಾಗಿ. "ಹುಡುಗ ಮೇಲಿನ ಮೆಟ್ಟಿಲಲ್ಲಿ ನಿಲ್ಲಲಿ, ನೀನು ಕೆಳಗೆ ನಿಲ್ಲು ಮಾರಾಯ್ತಿ. ಕುತ್ತಿಗೆ ಸ್ವಲ್ಪ ಬಗ್ಗಿಸಿದ್ರೆ ಗೊತ್ತೇ ಆಗುದಿಲ್ಲ."

ಹುಡುಗನ ತಾಯಿಯೂ ಕಡಿಮೆಯವರಲ್ಲ. ಮಗನಿಗೆ ಮಣೆಯಷ್ಟು ದಪ್ಪ ಅಟ್ಟೆಯ ಬೂಟು ಹಾಕಿಸಿ ಕರೆತಂದಿದ್ದರು. ಬಸದಿಯೆಂದರೆ ಚಪ್ಪಲಿ ಹೊರಗೆ ಬಿಡಬೇಕು ಎಂಬುದು ಗೇಟಿನ ಎದುರು ನಿಂತಾಗಲೇ ಅವರಿಗೆ ನೆನಪಾದದ್ದು. ಬೂಟು ಬಿಚ್ಚಿ ಕೆಳಗಿಳಿದ ಹುಡುಗ ತನ್ನ ತಾಯಿಯ ಭುಜದ ಮಟ್ಟಕ್ಕೆ ಬಂದ. ನನ್ನ ಅಮ್ಮನ ಮುಖ ಬಾಡಿತು. ನನ್ನನ್ನು ನಿಲ್ಲಿಸಲು ಅಷ್ಟು ತಗ್ಗಿನ ಮೆಟ್ಟಿಲು ಅವಳ ಲೆಕ್ಕದಲ್ಲಿ ಇರಲಿಲ್ಲ.

ಮಾತು ಸಿಗದೆ ಹುಡುಗ ಕೇಳಿದ, "ಇಲ್ಲಿ ಜಿರಾಫೆ ಉಂಟಂತಲ್ಲ?"

ಉಂಟು. ಹಡಗಿನ ವ್ಯಾಪಾರಿಗಳ ಬಾಯಿಯಿಂದ ಕೇಳಿ ಯಾವನೋ ಶಿಲ್ಪಿ ಕಲ್ಲಿನಲ್ಲಿ ಕೆತ್ತಿರಬೇಕು ಎನ್ನುತ್ತಾರೆ. ಜಗತ್ತಿನ ಅತಿ ಎತ್ತರದ ಪ್ರಾಣಿಗೆ ಕಟ್ಟಡದ ಬುಡದಲ್ಲಿ, ಅತಿ ತಗ್ಗಿನ ಜಾಗ ಕೊಟ್ಟಿದ್ದಾರೆ. ನೋಡಬೇಕಾದರೆ ಕುಕ್ಕರಗಾಲಲ್ಲಿ ಕೂರಬೇಕು. ಇಬ್ಬರೂ ಕೂತೆವು. ಕೂತಾಗ ಎಲ್ಲರೂ ಒಂದೇ ಎತ್ತರ, ಅಮ್ಮನಿಗೆ ಜೀವ ಬಂತು.

"ಇದರ ಕುತ್ತಿಗೆಯಲ್ಲಿ ಎಷ್ಟು ಎಲುಬು?" ಹುಡುಗ ಕೇಳಿದ.

"ಏಳು. ನಿಮಗೂ ಏಳೇ," ಎಂದೆ. "ಮಿದುಳಿನಿಂದ ಗಂಟಲಿಗೆ ಹೋಗುವ ಒಂದು ನರ ಉಂಟು. ಅದು ಸೀದಾ ಹೋಗುದಿಲ್ಲ. ಎದೆಯವರೆಗೆ ಇಳಿದು, ಅಲ್ಲಿ ಸುತ್ತುಹಾಕಿ, ಪುನಃ ಮೇಲೆ ಬರ್ತದೆ." ಪುಂಜಾಲಕಟ್ಟೆಯಿಂದ ಪಕ್ಕದ ಬೆಳ್ತಂಗಡಿಗೆ ಮಂಗಳೂರಿನ ಮೇಲೆ ಹೋದ ಹಾಗೆ ಎಂದೂ ಸೇರಿಸಿದೆ. ಅವನು ನಕ್ಕ. ನನಗೆ ಹುರುಪು ಬಂತು.

"ತಲೆ ತಗ್ಗಿಸಿದ್ರೆ ರಕ್ತ ಎಲ್ಲ ತಲೆಗೆ ನುಗ್ಗುದಿಲ್ವಾ?"

ಅದು ಒಳ್ಳೆಯ ಪ್ರಶ್ನೆ. ನಾನು ಹೇಳುತ್ತಾ ಹೋದೆ: ಅದರ ರಕ್ತದೊತ್ತಡ ನಮ್ಮ ಎರಡರಷ್ಟು. ತಗ್ಗಿದಾಗ ಮಿದುಳು ಕೆಡದಂತೆ ತಲೆಯ ಬುಡದಲ್ಲಿ ಸಣ್ಣ ರಕ್ತನಾಳಗಳ ಬಲೆಯಿದೆ, ಕುತ್ತಿಗೆಯ ನಾಳಗಳಲ್ಲಿ ಕವಾಟಗಳಿವೆ. ಇಷ್ಟೆಲ್ಲ ಇದ್ದರೂ ನೀರು ಕುಡಿಯಲು ಮುಂಗಾಲು ಅಗಲಿಸಿ ಬಗ್ಗುವುದು ಅದಕ್ಕೆ ಕಷ್ಟ. ಆದಷ್ಟೂ ಸೊಪ್ಪಿನಲ್ಲಿರುವ ನೀರಿನಲ್ಲೇ ಸುಧಾರಿಸುತ್ತದೆ. "ತಗ್ಗುವುದು ಅದರ ಸ್ವಭಾವ ಅಲ್ಲ," ಎಂದೆ, ಬೇಕಾದದ್ದಕ್ಕಿಂತ ಜೋರಾಗಿ.

"ಸಾಕು, ಏಳುವ," ಎಂದರು ಹುಡುಗನ ತಾಯಿ.

ಎದ್ದೆ. ಪಾಠದ ಗುಂಗಿನಲ್ಲಿ ಅಮ್ಮನ ಮಾತು ಮರೆತು ಪೂರ್ತಿ ಎದ್ದುಬಿಟ್ಟೆ. ಹುಡುಗನ ತಲೆ ನನ್ನ ಭುಜದ ಹತ್ತಿರವೆಲ್ಲೋ ಇತ್ತು. ಅಮ್ಮ ಕಂಬಗಳನ್ನು ಎಣಿಸುವವಳ ಹಾಗೆ ಬೇರೆ ಕಡೆ ತಿರುಗಿದಳು. ನನಗೆ ಅವಳ ಬಗ್ಗೆ ಪಾಪ ಅನ್ನಿಸಿತು, ಆದರೆ ಬಗ್ಗಲಿಲ್ಲ.

ಸಂಜೆ ಸಂಬಂಧ ತಂದ ದೊಡ್ಡಮ್ಮ ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿ ಕಣ್ಣುಮುಚ್ಚಿ ಕೂತಳು.

"ಎತ್ತರದ್ದು ಏನೂ ತೊಂದರೆ ಇಲ್ಲ ಅಂತೆ. ಹುಡುಗಿಗೆ ಮಾತು ಜಾಸ್ತಿ ಅಂತೆ. ಇಷ್ಟೆಲ್ಲ ತಿಳಿದವಳು ಮನೆಗೆ ಆಗ್ಲಿಕ್ಕಿಲ್ಲ ಅಂತ."

ಎತ್ತರಕ್ಕೆ ವರ್ಷಗಟ್ಟಲೆ ಉತ್ತರ ಕಟ್ಟಿಟ್ಟುಕೊಂಡಿದ್ದ ಅಮ್ಮ ಕಣ್ಣುಬಿಟ್ಟಳು. ಅವಳ ಕಿವಿ ಕೆಂಪಾಯಿತು.

"ಅವನು ಕೇಳಿದ, ಇವಳು ಹೇಳಿದಳು. ತಿಳಿದದ್ದನ್ನು ಹೇಳದೆ ಬಾಯಿಗೆ ಬೀಗ ಹಾಕ್ಬೇಕಿತ್ತಾ? ನಮಗೇ ಈ ಸಂಬಂಧ ಬೇಡ ಅಂತ ಹೇಳಿ ಅಕ್ಕ." ಫೋನ್ ಇಟ್ಟಳು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಆ ಜಿರಾಫೆ ಬಗ್ಗಿ ನೀರು ಕುಡಿಯುವಾಗ ಸಿಂಹ ಬಂದ್ರೆ ಏನು ಮಾಡ್ತದೆ?"

"ಎದ್ದು ಒದೀತದೆ ಅಮ್ಮ. ದವಡೆ ಮುರಿಯುವ ಹಾಗೆ."

"ಸರಿ ಮಾಡ್ತದೆ," ಎಂದಳು ಅಮ್ಮ.