ಗೈಡಿನ ಸಿಲಿಂಡರ್

ಕಾಪುವಿನ ಕಡಲಲ್ಲಿ ಸ್ಕೂಬಾ ದೋಣಿ ನಿಂತಿತು. ನೀರಿನಡಿ ನಮ್ಮನ್ನು ಕರೆದೊಯ್ಯಬೇಕಾದ ಗೈಡ್ ಎಲ್ಲರ ಸಿಲಿಂಡರ್ ನೋಡಿ, "ಇನ್ನು ನೀವು ಎಂತದೂ ಮುಟ್ಟಬೇಡಿ ಮೇಡಂ, ನಾನಿದ್ದೇನಲ್ಲ" ಎಂದ. ಇಂಥ ಮಾತು ಕೇಳಿದರೆ ನನಗೆ ಅನುಮಾನ ಹೆಚ್ಚುತ್ತದೆ.

"ನಿಮ್ಮದನ್ನು ಯಾರು ನೋಡಿದರು?"

"ನನಗೆ ಎಂತ ಆಗ್ತದೆ ಮೇಡಂ?" ಎಂದು ನಕ್ಕ.

"ನಿಮಗೇ ಆದರೆ ನನ್ನನ್ನು ಮೇಲೆ ತರುವವರು ಯಾರು? ತೋರಿಸಿ."

ತೋರಿಸಿದ. ಗಾಳಿಯ ಮಾಪಕದ ಮುಳ್ಳು ಕೆಂಪು ಗೆರೆಗೆ ಇಳಿದಿತ್ತು; ಸಿಲಿಂಡರ್ ಬಹುತೇಕ ಖಾಲಿ. ಅವನ ನಗು ನಿಂತಿತು. "ಬೆಳಿಗ್ಗೆ ಬಳಸಿದ್ದನ್ನೇ ಕಟ್ಟಿಕೊಂಡುಬಿಟ್ಟೆ ಮಾರಾಯ್ರೆ" ಎನ್ನುತ್ತಾ ಬೇರೆ ಸಿಲಿಂಡರ್ ಎತ್ತಿಕೊಂಡ.

ಪಕ್ಕದಲ್ಲಿದ್ದ ಪರ್ಕಳದ ದಂಪತಿ ಕೂಡಲೇ ತಮ್ಮ ಮಾಪಕಗಳನ್ನು ನನ್ನ ಮುಂದೆ ಹಿಡಿದರು. "ಆಂಟಿ, ನಮ್ಮದೂ ಒಮ್ಮೆ ನೋಡಿ."

"ನಿಮಗೆ ಕಣ್ಣಿಲ್ಲವೇ?"

"ಉಂಟು. ನೀವು ನೋಡಿದರೆ ಧೈರ್ಯ ಅಲ್ವಾ?"

ಅಂದಿನವರೆಗೆ ನಾನು ಮೊಣಕಾಲಿಗಿಂತ ಆಳದ ನೀರಿಗೆ ಇಳಿದವಳೇ ಅಲ್ಲ.