ಹುಡುಕಿದರೆ ಸಿಗುವ ಮುಖ

ಶುಕ್ರವಾರ ಸಂಜೆ ಆರು ನಲವತ್ತಕ್ಕೆ ನಮ್ಮ ಸುದ್ದಿ ಚಾನೆಲ್‌ನಲ್ಲಿ ಅವನ ಮುಖ ಬಂತು. ಮಾದಕ ವಸ್ತು ಮಾರುತ್ತಿದ್ದ ವಿದೇಶಿಯರನ್ನು ಹಿಡಿದ ಸುದ್ದಿ ಅದು. ಅವನೋ ಹಳಿಯಾಳದ ಕಡೆಯ ಸಿದ್ದಿ, ಆಫ್ರಿಕಾದಿಂದ ಬಂದು ತಲೆಮಾರುಗಳಿಂದ ಇಲ್ಲಿಯವರೇ ಆದ ಜನರವನು. ಮುಂಬೈನ ಭಾಂಡುಪ್‌ನಲ್ಲಿ ನಮ್ಮ ಬಿಲ್ಡಿಂಗ್‌ನಲ್ಲೇ ಇದ್ದು ಮಕ್ಕಳಿಗೆ ಫುಟ್‌ಬಾಲ್ ಕಲಿಸುವವನು. ಆ ದೃಶ್ಯವನ್ನು ಹಿಂದೆ ಆಟದ ವರದಿಗೆಂದು ಚಿತ್ರೀಕರಿಸಿ ತಂದವಳು ನಾನೇ.

"ಹಳೇ ದೃಶ್ಯಗಳ ಲೈಬ್ರರಿಯಲ್ಲಿ 'ಆಫ್ರಿಕನ್' ಅಂತ ಟೈಪ್ ಹೊಡೆದೆ, ಇದೇ ಮೊದಲು ಬಂತು," ಎಂದ ಸಹೋದ್ಯೋಗಿ. ಯಾರೋ ಮುಖ ನೋಡಿ ದೃಶ್ಯಕ್ಕೆ ಆ ಹೆಸರಿಟ್ಟಿದ್ದರು. ಅದರ ಪ್ರಸಾರ ನಿಲ್ಲಿಸಿ, ಅವನಿಗೇನಾದೀತೋ ಎಂದು ಲೋಕಲ್ ರೈಲು ಹಿಡಿದೆ.

ಬಿಲ್ಡಿಂಗ್ ಗೇಟಿನಲ್ಲಿ ಗುಂಪು ಸೇರಿತ್ತು. ಒಬ್ಬನ ಕೈ ಅವನ ಕಾಲರ್ ಹಿಡಿದಿತ್ತು. "ಪಾಸ್‌ಪೋರ್ಟ್ ದಿಖಾ," ತೋರಿಸು ಎನ್ನುತ್ತಿದ್ದ. ಅವನು ಮರಾಠಿಯಲ್ಲಿ ಉತ್ತರಿಸಿದರೆ ಎಲ್ಲರೂ ನಕ್ಕರು. "ಅರೇ, ಹಾ ಮರಾಠೀ ಪಣ್ ಶಿಕಲಾ," ಇವನು ಮರಾಠಿಯನ್ನೂ ಕಲಿತಿದ್ದಾನೆ ಎಂದ ಒಬ್ಬ. ನಾನು ನನ್ನ ಚಾನೆಲ್ ಗುರುತಿನ ಚೀಟಿ ತೋರಿಸಿ, ತಪ್ಪು ನಮ್ಮ ಚಾನೆಲ್‌ದು ಎಂದು ಮೂರು ಸಲ ಹೇಳಿದ ಮೇಲೆ ಆ ಕೈ ಸಡಿಲಾಯಿತು. ರೈಲು ಹತ್ತು ನಿಮಿಷ ತಡವಾಗಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ಮರುದಿನ ಚಾನೆಲ್ ಕ್ಷಮೆ ಕೇಳಿತು. ಲೈಬ್ರರಿಯಲ್ಲಿ ದೃಶ್ಯಕ್ಕೆ ಇಟ್ಟಿದ್ದ ಹೆಸರನ್ನು ನನ್ನಿಂದ ಕೇಳಿ ಅವನು ಹೇಳಿದ್ದಿಷ್ಟೆ: "ಕ್ಷಮಾ ಇರ್ಲಿ ಅಕ್ಕಾರ, ಮೊದ್ಲ ಆ ಹೆಸರು ತಗಸ್ರಿ. ಇಲ್ಲಾಂದ್ರ ಮುಂದಿನ ಸಲ ಹುಡುಕಿದ್ರೂ ನಾನೇ ಸಿಗ್ತೀನಿ."

ಹೆಸರು ಬದಲಿಸುವ ಅಧಿಕಾರ ಯಾರದೆಂದು ತೀರ್ಮಾನವಾಗಿ, ಅದು ಬದಲಾಗಲು ಹತ್ತೊಂಬತ್ತು ದಿನ ಹಿಡಿಯಿತು. ಅವನ ಮುಖ ಮತ್ತೆ ಬಂತೇನೋ ಎಂದು ಅಷ್ಟೂ ರಾತ್ರಿ ಎದ್ದೆದ್ದು ಟಿವಿ ನೋಡಿದೆ. ಕೊನೆಗೆ ಬುಧವಾರ ನಾನೇ 'ಆಫ್ರಿಕನ್' ಎಂದು ಹೊಡೆದು ನೋಡಿದೆ. ಬೇರೆ ಯಾರದೋ ಮುಖ ಬಂತು, ಅವನದಲ್ಲ. ನಾಚಿಕೆಯ ಮಾತೆಂದರೆ, ಅದು ಯಾರ ಮುಖವೆಂದು ವಿಚಾರಿಸದೆ ಅಂದು ಬೆಳಗಿನವರೆಗೆ ನಿದ್ದೆ ಮಾಡಿದೆ.