ಅವ್ವ ಬಡಿಯದ ರೊಟ್ಟಿ

ನಮ್ಮವ್ವನಿಗೆ ಸಿಟ್ಟು ಬಂದ ದಿನ ರೊಟ್ಟಿ ಇನ್ನಷ್ಟು ತೆಳ್ಳಗಾಗುತ್ತಿತ್ತು. ಹೊಸಪೇಟೆಯ ನಮ್ಮ ಓಣಿಗೆಲ್ಲ ಕೇಳುವಂತೆ ಬಡಿಯುತ್ತಿದ್ದಳು. ಸುತ್ತಲಿನ ಖಾನಾವಳಿಗಳಿಗೆ, ಮದುವೆ ಮನೆಗಳಿಗೆ ಅವಳದೇ ರೊಟ್ಟಿ ಹೋಗುತ್ತಿತ್ತು. ಮಗಳಾದ ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ವೃತ್ತದ ಸೂತ್ರವೆಲ್ಲ ಬಾಯಿಪಾಠ, ರೊಟ್ಟಿ ಮಾತ್ರ ಇವತ್ತಿಗೂ ದುಂಡಗೆ ಬರುವುದಿಲ್ಲ. ಅದಕ್ಕಾಗಿ ಅವ್ವ ನನ್ನನ್ನು ಬೀಗರ ಎದುರಿಗೂ ಆಡಿಕೊಂಡಿದ್ದಾಳೆ.

ಆ ಕೈಯೇ ಹೋಯಿತು. ಮಲಪನಗುಡಿಯಲ್ಲಿ ತಂಗಿಯನ್ನು ಮಾತಾಡಿಸಿಕೊಂಡು ಬಸ್ಸಿಗೆಂದು ರಸ್ತೆ ಬದಿಯಲ್ಲಿ ನಿಂತಿದ್ದಳು. ಲಾರಿಯನ್ನು ಹಿಂದೆ ಹಾಕಲು ಹೋದ ಕಾರೊಂದು ರಸ್ತೆ ಬಿಟ್ಟಿಳಿದು ಅವಳಿಗೆ ಗುದ್ದಿತು. ಬಲಗೈ ಊರಿ ಬಿದ್ದಳು, ಮಣಿಕಟ್ಟು ಪುಡಿಯಾಯಿತು. ಬಳ್ಳಾರಿಯಲ್ಲಿ ಪ್ಲೇಟು ಹಾಕಿದರು. ಎಲುಬು ಕೂಡಿತು, ಆದರೆ ಕೈ ಮಡಚಲಿಲ್ಲ, ತಿರುಗಲಿಲ್ಲ. ನೀರಿನ ಚೊಂಬು ಹಿಡಿದರೂ ಜಾರುತ್ತಿತ್ತು. ಇನ್ನೊಂದು ಆಪರೇಷನ್ ಮಾಡಿದರೆ ಕೈ ತಿರುಗಬಹುದು, ತಡ ಮಾಡಬೇಡಿ ಎಂದರು ಡಾಕ್ಟರು. ಅದು ನಮ್ಮ ಕೈಲಾಗುವ ಖರ್ಚಾಗಿರಲಿಲ್ಲ. ಪರಿಹಾರಕ್ಕೆ ಕೇಸು ಹಾಕಿದ್ದು ಆ ಒಂದು ಆಪರೇಷನ್ನಿಗಾಗಿಯೇ.

ಒಂದು ಭಾನುವಾರ ಮಧ್ಯಾಹ್ನ ವಿಮಾ ಕಂಪನಿಯ ಕಡೆಯಿಂದ ಒಬ್ಬ ವಿಚಾರಣೆಗೆ ಬಂದ. ಬಿಸಿಲಿಗೆ ಅವನ ಮುಖ ಬಾಡಿತ್ತು. ಅವ್ವನ ಕೈ ನೋಡಿದ, ಏನೇನೋ ಕೇಳಿದ, ಎದ್ದು ನಿಂತ.

"ಉಣ್ಣೋ ಹೊತ್ತಿನ್ಯಾಗ ಎದ್ದು ಹೊಂಟ್ರ ಹೆಂಗ್ರಿ? ಕುಂದ್ರಿ, ಎರಡು ರೊಟ್ಟಿ ತಿಂದು ಹೋಗ್ರಿ" ಎಂದಳು ಅವ್ವ.

ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಯಾರು ನೋಡಬೇಕು? ಊಟದ ಹೊತ್ತಿಗೆ ಹೊಸ್ತಿಲು ದಾಟಿ ಬಂದವನು ಎದುರು ಪಾರ್ಟಿಯವನಾದರೇನು, ಅವನ ಮುಂದೆ ತಾಟು ಇಡದಿದ್ದರೆ ಅವ್ವನಿಗೆ ಅವತ್ತು ನಿದ್ದೆ ಬರುತ್ತಿರಲಿಲ್ಲ. ಅಪಘಾತ ಆದಾಗಿನಿಂದ ನಮಗೆ ರೊಟ್ಟಿ ಬಡಿದು ಕೊಡುತ್ತಿದ್ದವಳು ಪಕ್ಕದ ಮನೆಯಾಕೆ. ಹಿತ್ತಲ ಬಾಗಿಲಿನಿಂದ ಹೋಗಿ ಬಿಸಿ ರೊಟ್ಟಿ ತಂದು, ನಾನೇ ಬಡಿಸಿದೆ. ಅವನು ಶೇಂಗಾ ಚಟ್ನಿ ಹಚ್ಚಿಕೊಂಡು ಮನಸಾರೆ ಉಂಡ.

"ರೊಟ್ಟಿ ಭಾಳ ಚಲೋ ಅದಾವ್ರಿ ಅವ್ವಾರ. ನೀವ ಬಡದದ್ದೇನ್ರಿ?"

ಅವನು ಕೊಕ್ಕೆ ಹಾಕಿ ಕೇಳಿದನೋ, ರುಚಿಗೆ ಮನಸೋತು ಕೇಳಿದನೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಮತ್ತ್ಯಾರು ಬಡೀತಾರ್ರಿ ಈ ಮನ್ಯಾಗ? ನಾನ ಬಡದೀನಿ" ಎಂದುಬಿಟ್ಟಳು ಅವ್ವ.

"ಇಲ್ರಿ, ಪಕ್ಕದ ಮನಿಯಾಕಿ ಬಡದು ಕೊಟ್ಟಾಳ" ಎಂದೆ ನಾನು, ಗಾಬರಿಯಲ್ಲಿ.

"ಈಕಿ ಮಾತು ಬಿಡ್ರಿ. ಈಕಿಗೆ ರೊಟ್ಟಿ ಬರಂಗಿಲ್ಲ, ಅದಕ್ಕ ಹೊಟ್ಟಿಕಿಚ್ಚು."

ಅವನು ನಕ್ಕ, ಅವ್ವನೂ ನಕ್ಕಳು. ನನಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಅವನು ಹೋದ ಮೇಲೆ ರೇಗಾಡಿದೆ. ಉಂಡವರ ಮುಂದೆ ಮಂದಿ ಮನೆ ರೊಟ್ಟಿ ಅಂತ ಹೇಳುವುದು ಎಂಥ ಮರ್ಯಾದೆ ಎಂದು ಅವಳು ನನ್ನನ್ನೇ ಕೇಳಿದಳು.

ಅವ್ವನ ಪಾಟಿ ಸವಾಲಿನ ಹಿಂದಿನ ದಿನ ನಮ್ಮ ವಕೀಲರು ಅವಳನ್ನು ಕೂರಿಸಿಕೊಂಡು ಹೇಳಿದರು: "ಆ ರೊಟ್ಟಿ ಮಾತು ತೆಗೀತಾರ್ರಿ. ನಿಮಗ ಸುಳ್ಳು ಹೇಳ್ರಿ ಅನ್ನಾಂಗಿಲ್ಲ ನಾ. ಇದ್ದದ್ದು ಇದ್ದಂಗ ಹೇಳ್ರಿ, ಸಾಕು." ಅವ್ವ ತಲೆಯಾಡಿಸಿದ್ದಳು.

ಮರುದಿನ ಕೋರ್ಟಿನ ಹಾಲ್ ತುಂಬಿತ್ತು. ಕಂಪ್ಲಿಯವರು, ಸಂಡೂರಿನವರು, ತಮ್ಮ ತಮ್ಮ ಕೇಸಿಗೆ ಕಾಯುತ್ತ ಕುಳಿತವರು. ರೊಟ್ಟಿ ಉಂಡವನೂ ಮೂಲೆಯಲ್ಲಿದ್ದ. ಅವ್ವ ಕಟಕಟೆಯಲ್ಲಿ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಳು. ಕಂಪನಿಯ ವಕೀಲರು ನಯವಾಗಿಯೇ ಕೇಳಿದರು, ಮನೆಗೆ ಬಂದವರಿಗೆ ನೀವೇ ರೊಟ್ಟಿ ಬಡಿದು ಊಟ ಹಾಕಿದಿರಿ, ಹೌದೋ ಅಲ್ಲವೋ ಎಂದು.

ಅವ್ವ ರೊಟ್ಟಿ ಉಂಡವನತ್ತ ನೋಡಿದಳು, ಬೆಂಚುಗಳ ಮೇಲಿನ ಜನರನ್ನು ನೋಡಿದಳು. "ಹೌದ್ರಿ" ಎಂದಳು.

ಜಡ್ಜ್ ಸಾಹೇಬರಿಗೇ ಪಾಪ ಅನ್ನಿಸಿರಬೇಕು. ಸರಿಯಾಗಿ ಕೇಳಿಸಿಕೊಂಡು ಹೇಳಿ ಅಮ್ಮ, ಅಪಘಾತ ಆದ ಮೇಲಿನ ಮಾತು ಇದು ಎಂದರು.

"ಹೌದ್ರಿ ಸಾಹೇಬ್ರ. ನಾನ ಬಡದೀನಿ."

ನಾನು ಎದ್ದು ನಿಂತೆ. ಪೊಲೀಸ್ ಪೇದೆ ಕುಳಿತುಕೋ ಎಂದು ಕೈ ತೋರಿಸಿದ. ಕುಳಿತೆ. ಇನ್ನೇನು ಮಾಡಲಿ? ನಿಜ ಗೊತ್ತಿದ್ದವಳು ನಾನು, ಆದರೆ ಅಲ್ಲಿ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ನಮ್ಮ ವಕೀಲರು ಬೇರೆ ಬೇರೆ ರೀತಿಯಲ್ಲಿ ಕೇಳಿ ನೋಡಿದರು. ಅವ್ವ ಜಗ್ಗಲಿಲ್ಲ.

ಹೊರಗೆ ಬಂದವಳೇ ಅಳುತ್ತಲೇ ಜಗಳಕ್ಕೆ ನಿಂತೆ. "ಯಾಕವ್ವ ಹಂಗ ಅಂದಿ? ನಿನ್ನ ಕೈ ಸಲುವಾಗಿ ಅಲ್ಲೇನು ಇಷ್ಟೆಲ್ಲ?"

"ಗೊತ್ತೈತಿ."

"ಮತ್ತ?"

"ಅಷ್ಟು ಮಂದಿ ಮುಂದ, ನನ್ನ ಕೈಲೆ ರೊಟ್ಟಿ ಆಗಂಗಿಲ್ಲ ಅಂತ ಹೇಳಾಕ ಬಾಯಿ ಬರಲಿಲ್ಲ" ಎಂದಳು.

ತೀರ್ಪು ಬಂತು. ಮೊದಲಿನ ಆಸ್ಪತ್ರೆ ಖರ್ಚಷ್ಟೇ ಸಿಕ್ಕಿತು, ಮುಂದಿನ ಆಪರೇಷನ್ನಿಗೆ ಏನೂ ಇಲ್ಲ. ಮೇಲಿನ ಕೋರ್ಟಿಗೆ ಹೋಗೋಣವೇ ಎಂದು ಕೇಳಿದೆ. "ಹೋಗಬೌದ್ರಿ. ಆದ್ರ ನಿಮ್ಮವ್ವಾರು ಹೇಳಿದ್ದು ಅಲ್ಲಿಗೂ ಬರತೈತಿ" ಎಂದರು ವಕೀಲರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮನೆಗೆ ಬಂದಾಗ ಅವ್ವ ಗೋಡೆಗೆ ಒರಗಿ ಕುಳಿತಿದ್ದಳು. ಕೋರ್ಟಿನವರು ಏನೆಂದರು ಎಂದು ಕೇಳಿದಳು. ತೀರ್ಪಿನ ಪ್ರತಿ ಬಿಚ್ಚಿದೆ. ಕೇಳಲಿ ಎಂದೇ ರೊಟ್ಟಿಯ ಸಾಲನ್ನು ಒತ್ತಿ ಓದಿದೆ: ಅರ್ಜಿದಾರರು ಮೊದಲಿನಂತೆಯೇ ತಮ್ಮ ಕೈಯಿಂದ ರೊಟ್ಟಿ ಮಾಡಬಲ್ಲರು.

"ಹಂಗಂತ ಬರದಾರೇನು?" ಎಂದಳು ಅವ್ವ. ಬಲಗೈ ತೊಡೆಯ ಮೇಲೆ ಹಾಗೇ ಬಿದ್ದಿತ್ತು. "ಇನ್ನೊಮ್ಮೆ ಓದು."

ಓದಿದೆ.